ಸುರಂಗದ ದೀಪ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಸುರಂಗದೊಳಗೆ ದೀಪ ಮಂಕಾದರೆ ಪಿಕ್ಕಾಸನ್ನು ಅಲ್ಲೇ ಬಿಟ್ಟು ಹೊರಗೆ ಬರಬೇಕು. ಬುಟ್ಟಿ ಎತ್ತಿಕೊಳ್ಳಲು ನಿಲ್ಲಬಾರದು, ಇನ್ನೆರಡು ಏಟು ಹಾಕಿ ಬರುತ್ತೇನೆ ಅನ್ನಬಾರದು. ನಾನು ಸಣ್ಣವನಿದ್ದಾಗ ನಮ್ಮ ತೋಟದ ಮೇಲಿನ ಗುಡ್ಡೆಗೆ ನೀರಿನ ಸುರಂಗ ಕೊರೆಯಲು ಒಬ್ಬರು ಅಜ್ಜ ಬರುತ್ತಿದ್ದರು. ಜೊತೆಗೆ ಅವರ ಮಗ. ಅಜ್ಜ ಒಳಗೆ ಅಗೆಯುವುದು, ಮಗ ಮಣ್ಣು ಹೊತ್ತು ಹೊರಗೆ ಹಾಕುವುದು. ಶಾಲೆ ಬಿಟ್ಟು ಬಂದು ನಾನು ಸುರಂಗದ ಬಾಯಲ್ಲಿ ಕೂತಿರುತ್ತಿದ್ದೆ. ಒಂದು ದಿನ ಕೇಳಿದೆ, "ಅಜ್ಜ, ಗಾಳಿ ಕಣ್ಣಿಗೆ ಕಾಣುವುದಿಲ್ಲ ಅಲ್ವಾ, ಅದು ಕೆಟ್ಟದ್ದು ನಿಮಗೆ ಹೇಗೆ ಗೊತ್ತಾಗ್ತದೆ?" ಅಜ್ಜ ಹೇಳಿದರು, "ನನಗೆ ಗೊತ್ತಾಗುವುದಿಲ್ಲ ಮಗಾ. ದೀಪಕ್ಕೆ ಗೊತ್ತಾಗ್ತದೆ."

ಆಗ ಅದು ಸುಮ್ನೆ ಮಕ್ಕಳಿಗೆ ಹೇಳುವ ಮಾತು ಅನ್ನಿಸಿತ್ತು. ದೊಡ್ಡ ಗಣಿಗಳಲ್ಲಿ ಜನರನ್ನು ಹೇಗೆ ಕಾಪಾಡುತ್ತಾರೆ ಅಂತ ಮುಂದೆ ಓದತೊಡಗಿದ ಮೇಲೆ, ಗಣಿ ಸುರಕ್ಷತೆಯ ಬಹುಪಾಲು ವಿಜ್ಞಾನ ಆ ಎರಡು ವಾಕ್ಯಗಳಲ್ಲೇ ಇದೆ ಅಂತ ಗೊತ್ತಾಯಿತು. ನೆಲದಡಿಯ ಅಪಾಯಗಳಲ್ಲಿ ಹೆಚ್ಚಿನವು ನಮ್ಮ ಮೈಗೆ ತಿಳಿಯುವುದಿಲ್ಲ. ತಿಳಿಸಿಕೊಡುವ ಒಂದು ವಸ್ತು ಬೇಕು. ಆ ವಸ್ತು ಯಾವುದನ್ನು ಹೇಳುತ್ತದೆ, ಯಾವುದನ್ನು ಹೇಳುವುದಿಲ್ಲ ಅಂತಲೂ ಗೊತ್ತಿರಬೇಕು.

ಹೊರಗಿನವರಿಗೆ ಸುರಂಗ ಅಂದರೆ ರೈಲು ಹೋಗುವ ದಾರಿ. ಕಾಸರಗೋಡಿನ ನಮಗೆ ಅದು ನೀರು ಬರುವ ದಾರಿ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಹೋದರೆ ಕೆಂಪುಕಲ್ಲಿನ ಗುಡ್ಡೆಗಳ ಹೊಟ್ಟೆಯಲ್ಲಿ ಅಡ್ಡಡ್ಡ ಕೊರೆದ ಇಂಥ ಸುರಂಗಗಳು ಸಾವಿರಾರು ಇವೆ. ಒಬ್ಬ ಮನುಷ್ಯ ನಿಲ್ಲುವಷ್ಟು ಎತ್ತರ, ಭುಜ ಗೋಡೆಗೆ ಉಜ್ಜುವಷ್ಟೇ ಅಗಲ. ಉದ್ದವನ್ನು ಕೋಲಿನಲ್ಲಿ ಅಳೆಯುತ್ತಾರೆ. ಒಂದು ಕೋಲು ಮುಕ್ಕಾಲು ಮೀಟರಿಗೆ ತುಸು ಕಡಿಮೆ. ಸೆಲೆ ಸಿಕ್ಕಿದರೆ ಪಂಪೂ ಬೇಡ, ಕರೆಂಟೂ ಬೇಡ, ನೀರು ತಾನಾಗಿ ಹರಿದು ತೋಟಕ್ಕೆ ಬರುತ್ತದೆ. ಗಡಿಯಾಚೆ ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರು ಹಗಲು ಕೂಲಿ ಮುಗಿಸಿ, ಆಮೇಲೆ ದೀಪ ಹಿಡಿದು ಒಬ್ಬರೇ ಸುರಂಗ ಕೊರೆದು ಬೋಳು ಗುಡ್ಡೆಯನ್ನು ತೋಟ ಮಾಡಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಈ ಕಡೆಯ ಎಲ್ಲರ ಮನೆಯಲ್ಲೂ ಅದೇ ಮಾತು.

ಈಗ ದೀಪದ ವಿಷಯಕ್ಕೆ ಬರೋಣ. ನಾವು ಉಸಿರಾಡುವ ಗಾಳಿಯಲ್ಲಿ ಆಕ್ಸಿಜನ್ ನೂರರಲ್ಲಿ ಸುಮಾರು 21 ಪಾಲು. ಒಂದೇ ಬಾಯಿರುವ ಸುರಂಗದ ತುದಿಯಲ್ಲಿ ಗಾಳಿ ಓಡಾಡುವುದಿಲ್ಲ. ಅಗೆಯುವವನ ಉಸಿರೇ ಆಕ್ಸಿಜನ್ ತಿನ್ನುತ್ತದೆ, ದೀಪವೂ ತಿನ್ನುತ್ತದೆ. ಅದು 16–17ರ ಆಸುಪಾಸಿಗೆ ಇಳಿದಾಗ ಮೇಣದ ಬತ್ತಿ, ಎಣ್ಣೆ ದೀಪ ಆರಿಹೋಗುತ್ತವೆ. ಆ ಮಟ್ಟದಲ್ಲಿ ಮನುಷ್ಯನಿಗೆ ನಾಡಿ ಜೋರಾಗಬಹುದು, ಕೈಕಾಲು ಸ್ವಲ್ಪ ತಪ್ಪಬಹುದು, ಆದರೆ ನಡೆದು ಹೊರಗೆ ಬರಬಲ್ಲ. 14ಕ್ಕಿಂತ ಕೆಳಗೆ ಬುದ್ಧಿ ಮಂಕಾಗುತ್ತದೆ. 10ಕ್ಕಿಂತ ಕೆಳಗೆ ಪ್ರಜ್ಞೆ ಹೋಗುತ್ತದೆ. 6ಕ್ಕೆ ಬಂದರೆ ಕೆಲವೇ ನಿಮಿಷ. ಅಂದರೆ ನಮಗಿಂತ ಮೊದಲು ದೀಪ ಸೋಲುತ್ತದೆ. ಅದು ಸೋಲುವುದಕ್ಕೂ ನಾವು ಸೋಲುವುದಕ್ಕೂ ನಡುವೆ ಇರುವ ಆ ಸ್ವಲ್ಪ ಹೊತ್ತೇ ಅಜ್ಜನ ಜೀವ.

ಆದರೆ ನಮ್ಮ ಮೈಗೆ ಯಾಕೆ ತಿಳಿಯುವುದಿಲ್ಲ? ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಮುಂದಿನದ್ದೆಲ್ಲ ಸುಲಭ. ಮೂಗು ಮುಚ್ಚಿ ಹಿಡಿದರೆ ಉಸಿರು ಕಟ್ಟಿ ಒದ್ದಾಡುತ್ತೇವೆ ಅಲ್ವಾ, ಅದು ಆಕ್ಸಿಜನ್ ಕಡಿಮೆಯಾದದ್ದಕ್ಕೆ ಅಲ್ಲ. ಮೈಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿದ್ದಕ್ಕೆ. ಮೆದುಳು ಮುಖ್ಯವಾಗಿ ಅದನ್ನು ನೋಡಿಕೊಂಡು "ಉಸಿರಾಡು" ಅಂತ ಒತ್ತಾಯಿಸುತ್ತದೆ. ಹಾಗಾಗಿ ಕಾರ್ಬನ್ ಡೈಆಕ್ಸೈಡ್ ಇಲ್ಲದೆ ಬರೀ ಆಕ್ಸಿಜನ್ ಕಡಿಮೆ ಇರುವ ಜಾಗಕ್ಕೆ ಹೋದರೆ ಉಸಿರು ಸರಾಗವಾಗಿ ಒಳಗೆ ಹೊರಗೆ ಆಡುತ್ತಲೇ ಇರುತ್ತದೆ, ಏನೂ ತೊಂದರೆ ಅನ್ನಿಸುವುದಿಲ್ಲ, ಕೆಲವರಿಗೆ ಒಂಥರಾ ಹಾಯ್ ಅಂತಲೂ ಅನ್ನಿಸುತ್ತದೆ, ಆಮೇಲೆ ಕಾಲು ಕುಸಿಯುತ್ತದೆ, ಅಷ್ಟೇ. ಎಚ್ಚರಿಕೆ ಕೊಡಬೇಕಾದ ಮೆದುಳೇ ಮೊದಲು ಮಂಕಾಗುವುದರಿಂದ "ನನಗೆ ಆಗ್ತಾ ಇಲ್ಲ ಅಂದ್ರೆ ಬರ್ತೇನೆ" ಅನ್ನುವ ಧೈರ್ಯಕ್ಕೆ ನೆಲದಡಿಯಲ್ಲಿ ಬೆಲೆಯೇ ಇಲ್ಲ. ಭಾರತದ ಕಲ್ಲಿದ್ದಲು ಗಣಿ ನಿಯಮಗಳು ಅದಕ್ಕೇ ಸಂಖ್ಯೆ ಹಾಕಿವೆ. ಕೆಲಸದ ಜಾಗದ ಗಾಳಿಯಲ್ಲಿ ಆಕ್ಸಿಜನ್ 19 ಪಾಲಿಗಿಂತ ಕಡಿಮೆ ಇರಬಾರದು, ಕಾರ್ಬನ್ ಡೈಆಕ್ಸೈಡ್ ನೂರರಲ್ಲಿ ಅರ್ಧ ಪಾಲು ದಾಟಬಾರದು. ದೀಪ ಆರುವ ಮಟ್ಟಕ್ಕಿಂತ ಸಾಕಷ್ಟು ಮೊದಲೇ ನಿಲ್ಲಿಸುವ ಗೆರೆ ಇದು.

ಇನ್ನು ಇದೇ ದೀಪವನ್ನು ಕಲ್ಲಿದ್ದಲು ಗಣಿಗೆ ಒಯ್ದರೆ? ಅಲ್ಲಿ ಕಲ್ಲಿದ್ದಲಿನ ಪದರದಿಂದ ಮೀಥೇನ್ ಸೋರುತ್ತದೆ. ಗಾಳಿಯಲ್ಲಿ ಅದು 5ರಿಂದ 15 ಪಾಲು ಬೆರೆತಿದ್ದರೆ ಒಂದು ಕಿಡಿ ಸಾಕು, ಸ್ಫೋಟ. ನಮ್ಮ ಅಜ್ಜನನ್ನು ಕಾಯುವ ದೀಪ ಅಲ್ಲಿ ನೂರು ಜನರನ್ನು ಕೊಲ್ಲುತ್ತದೆ. ಇಂಗ್ಲೆಂಡಿನ ಫೆಲ್ಲಿಂಗ್ ಗಣಿಯಲ್ಲಿ 1812ರಲ್ಲಿ ಹಾಗೆ 92 ಮಂದಿ ಸತ್ತರು. ಅಲ್ಲಿಂದ ಮೂರು ವರ್ಷಕ್ಕೆ, 1815ರಲ್ಲಿ, ಹಂಫ್ರಿ ಡೇವಿ ದೀಪದ ಸುತ್ತ ಸಣ್ಣ ಕಣ್ಣಿನ ತಂತಿ ಬಲೆ ಸುತ್ತಿದರು. ಬಲೆ ಬೆಂಕಿಯ ಬಿಸಿಯನ್ನು ಎಳೆದುಕೊಂಡು ಹರಡುತ್ತದೆ, ಒಳಗಿನ ಜ್ವಾಲೆ ಹೊರಗಿನ ಅನಿಲಕ್ಕೆ ಹತ್ತುವುದಿಲ್ಲ. ಮೀಥೇನ್ ಇದ್ದರೆ ಜ್ವಾಲೆಯ ಮೇಲೆ ನೀಲಿ ಟೋಪಿಯಂಥದ್ದು ಕಾಣುತ್ತದೆ, ಹಾಗಾಗಿ ಅದು ಅಳತೆಯ ಸಾಧನವೂ ಆಯಿತು. ಆದರೆ ದೀಪ ಬಂದ ಮೇಲೆ ಸ್ಫೋಟಗಳು ನಿಲ್ಲಲಿಲ್ಲ. ಮೊದಲು ಹೆದರಿ ಬಿಟ್ಟಿದ್ದ ಜಾಗಗಳಿಗೂ ಆ ದೀಪ ಹಿಡಿದು ಕೆಲಸಕ್ಕೆ ಇಳಿಸಿದರು, ಬಲೆ ಹರಿದ ದೀಪಗಳನ್ನೇ ಬಳಸಿದರು. ಒಂದು ಒಳ್ಳೆ ಸಾಧನ ಕೈಗೆ ಬಂದ ಕೂಡಲೇ ಜನ ಇನ್ನೂ ಹೆಚ್ಚು ಅಪಾಯಕ್ಕೆ ಹೋಗುತ್ತಾರೆ, ಅಥವಾ ಅವರನ್ನು ಕಳಿಸುತ್ತಾರೆ. ಇದನ್ನು ಗಣಿ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುತ್ತೇವೆ.

ಆಮೇಲೆ ಗೊತ್ತಾದದ್ದು, ಮೀಥೇನ್ ಇಲ್ಲದೆಯೂ ಬರೀ ಕಲ್ಲಿದ್ದಲಿನ ಧೂಳೇ ಸ್ಫೋಟಿಸಬಲ್ಲದು ಅಂತ. ಫ್ರಾನ್ಸಿನ ಕೂರಿಯೇರ್‌ನಲ್ಲಿ 1906ರಲ್ಲಿ 1,099 ಮಂದಿ ಸತ್ತದ್ದು ಧೂಳಿನ ಸ್ಫೋಟದಲ್ಲಿ. ಮರುವರ್ಷ ಅಮೆರಿಕದ ಮೊನೊಂಗಾದಲ್ಲಿ 362 ಮಂದಿ ಹೋದರು. ಅದಾದ ಮೇಲೆ, 1910ರಲ್ಲಿ, ಅಮೆರಿಕ ಸರ್ಕಾರ ಗಣಿಗಳಿಗೆಂದೇ ಒಂದು ಸಂಶೋಧನಾ ಇಲಾಖೆ ತೆರೆಯಿತು. ಪಿಟ್ಸ್‌ಬರ್ಗ್ ಹತ್ತಿರದ ಬ್ರೂಸ್ಟನ್‌ನಲ್ಲಿ ಪ್ರಯೋಗಕ್ಕೆಂದೇ ಒಂದು ಗಣಿ ತೋಡಿ, ಅದರೊಳಗೆ ಧೂಳನ್ನು ಬೇಕೆಂದೇ ಸ್ಫೋಟಿಸಿ ನೋಡಿದರು. ಸುಣ್ಣಕಲ್ಲಿನ ಪುಡಿಯನ್ನು ಗೋಡೆ, ನೆಲಕ್ಕೆಲ್ಲ ಎರಚಿದರೆ ಅದು ಕಲ್ಲಿದ್ದಲ ಧೂಳಿನ ಜೊತೆ ಎದ್ದು ಬೆಂಕಿಯ ಬಿಸಿಯನ್ನು ಹೀರಿಕೊಳ್ಳುತ್ತದೆ, ಸ್ಫೋಟ ಮುಂದೆ ಓಡುವುದಿಲ್ಲ. ಇಂದಿಗೂ ಕಲ್ಲಿದ್ದಲು ಗಣಿಗಳ ಗೋಡೆ ಬೆಳ್ಳಗಿರುವುದು ಅದಕ್ಕೇ.

ದೀಪ ಹೇಳದೇ ಇರುವ ಇನ್ನೊಂದು ಸಂಗತಿ ಇದೆ. ಇದು ನಮ್ಮ ಊರಿನವರಿಗೂ ತುಂಬಾ ಬೇಕಾದದ್ದು. 1896ರಲ್ಲಿ ವೇಲ್ಸ್‌ನ ಒಂದು ಗಣಿ ಸ್ಫೋಟದ ನಂತರ ಜಾನ್ ಸ್ಕಾಟ್ ಹಾಲ್ಡೇನ್ ಅನ್ನುವ ವಿಜ್ಞಾನಿ ಸತ್ತವರನ್ನು ಪರೀಕ್ಷಿಸಿದರು. ಹೆಚ್ಚಿನವರ ಮೈಯಲ್ಲಿ ಸಾಯುವಷ್ಟು ಗಾಯ ಇರಲಿಲ್ಲ. ಅವರನ್ನು ಕೊಂದದ್ದು ಸ್ಫೋಟದ ಆಮೇಲೆ ಉಳಿದ ಕಾರ್ಬನ್ ಮೊನಾಕ್ಸೈಡ್. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್‌ಗೆ ಇದು ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಸಾವಿರದಲ್ಲಿ ಒಂದು ಪಾಲು ಇದ್ದರೂ ಒಂದೆರಡು ಗಂಟೆಯಲ್ಲಿ ಪ್ರಾಣಕ್ಕೆ ಅಪಾಯ. ದೀಪ ಮಾತ್ರ ಚೆನ್ನಾಗಿಯೇ ಉರಿಯುತ್ತಿರುತ್ತದೆ. ಹಾಲ್ಡೇನ್ ತಮ್ಮ ಮೈಮೇಲೇ ಇದನ್ನು ಪ್ರಯೋಗ ಮಾಡಿ ನೋಡಿದರು, ಸಣ್ಣ ಪ್ರಾಣಿಗಳಿಗೆ ಮನುಷ್ಯನಿಗಿಂತ ಬೇಗ ತಾಗುತ್ತದೆ ಅಂತ ಕಂಡುಕೊಂಡರು. ಗಣಿಗೆ ಕೆನರಿ ಹಕ್ಕಿ ಒಯ್ಯುವ ಪದ್ಧತಿ ಬಂದದ್ದು ಅವರ ಸಲಹೆಯಿಂದ. ಬ್ರಿಟನ್‌ನಲ್ಲಿ 1986ರಲ್ಲಿ ಹಕ್ಕಿಗಳ ಬದಲು ಮೀಟರ್ ತರುವ ನಿರ್ಧಾರ ಆಯಿತು.

ಬಾವಿ ಕಸ ತೆಗೆಯುವಾಗ ನೀರು ಖಾಲಿ ಮಾಡಲು ಪೆಟ್ರೋಲ್ ಅಥವಾ ಸೀಮೆಎಣ್ಣೆ ಪಂಪನ್ನು ಬಾವಿಯ ಒಳಗೇ ಕಟ್ಟೆಯ ಮೇಲೆ ಇಟ್ಟು ಓಡಿಸುವವರಿದ್ದಾರೆ. ಪೈಪು ಸಾಲದು, ಮೇಲಿನಿಂದ ಎಳೆಯುವುದಿಲ್ಲ, ಅದಕ್ಕೆ ಹಾಗೆ ಮಾಡುತ್ತಾರೆ. ಆ ಇಂಜಿನ್ ಉಗುಳುವುದು ಇದೇ ಕಾರ್ಬನ್ ಮೊನಾಕ್ಸೈಡ್. "ಬತ್ತಿ ಇಳಿಸಿ ನೋಡಿದ್ದೇವೆ, ಉರಿಯುತ್ತಾ ಇದೆ" ಅಂತ ಇಳಿದರೆ ದೀಪ ಸುಳ್ಳು ಹೇಳಿದ ಹಾಗಾಗುತ್ತದೆ. ಅದು ಸುಳ್ಳು ಹೇಳಿದ್ದಲ್ಲ, ನಾವು ಕೇಳಿದ ಪ್ರಶ್ನೆಗೆ ಅದರ ಹತ್ತಿರ ಉತ್ತರವೇ ಇರಲಿಲ್ಲ.

ಕಾರ್ಬನ್ ಮೊನಾಕ್ಸೈಡ್ ಹೊಗೆಯೊಳಗಿಂದ ಮನುಷ್ಯ ಹೊರಗೆ ಬರುವುದು ಹೇಗೆ? ಗಣಿ ಕೆಲಸಗಾರರ ಸೊಂಟದಲ್ಲಿ ಒಂದು ಡಬ್ಬಿ ಇರುತ್ತದೆ, ಸೆಲ್ಫ್ ರೆಸ್ಕ್ಯೂಯರ್ ಅನ್ನುತ್ತಾರೆ. ಹಳೆಯ ಬಗೆಯದ್ದು ಬರೀ ಸೋಸುವಂಥದ್ದು. ಮೊನಾಕ್ಸೈಡನ್ನು ಡೈಆಕ್ಸೈಡ್ ಮಾಡಿ ಒಳಗೆ ಬಿಡುತ್ತದೆ. ಆದರೆ ಗಾಳಿಯಲ್ಲಿ ಆಕ್ಸಿಜನ್ನೇ ಇಲ್ಲದಿದ್ದರೆ ಅದರಿಂದ ಏನೂ ಪ್ರಯೋಜನವಿಲ್ಲ. ಹೊಸ ಬಗೆಯದ್ದರಲ್ಲಿ ಹಲವದರ ಒಳಗೆ ಪೊಟ್ಯಾಸಿಯಂ ಸೂಪರ್ ಆಕ್ಸೈಡ್ ಅನ್ನುವ ಹಳದಿ ಹರಳು ಇರುತ್ತದೆ. ನಾವು ಬಿಟ್ಟ ಉಸಿರಿನ ತೇವ, ಡೈಆಕ್ಸೈಡ್ ಎರಡನ್ನೂ ಹಿಡಿದುಕೊಂಡು ಅದು ಆಕ್ಸಿಜನ್ ಕೊಡುತ್ತದೆ. ಹೊರಗಿನ ಗಾಳಿಯೇ ಬೇಡ. ಮಾದರಿಯನ್ನು ನೋಡಿಕೊಂಡು ಅರ್ಧ ಗಂಟೆಯೋ ಒಂದು ಗಂಟೆಯೋ ಬರುತ್ತದೆ.

ಡಬ್ಬಿ ಇದ್ದ ಮೇಲೆ ಬದುಕಬೇಕಲ್ಲ? 2006ರ ಜನವರಿ 2ರಂದು ಅಮೆರಿಕದ ಸೇಗೋ ಗಣಿಯಲ್ಲಿ ಸ್ಫೋಟವಾಗಿ 12 ಮಂದಿ ಸತ್ತರು, ಒಳಗೆ ಸಿಕ್ಕಿಬಿದ್ದವರಲ್ಲಿ ಒಬ್ಬರೇ ಬದುಕಿ ಬಂದರು. ಹಲವು ಡಬ್ಬಿಗಳು ಕೆಲಸ ಮಾಡಲಿಲ್ಲ ಅಂತ ಅವರು ಹೇಳಿದರು. ತನಿಖೆಯವರು ಆ ಡಬ್ಬಿಗಳನ್ನು ಪರೀಕ್ಷಿಸಿ, ಅವು ಆಕ್ಸಿಜನ್ ಕೊಡುವ ಸ್ಥಿತಿಯಲ್ಲೇ ಇದ್ದವು ಅಂದರು. ಇವೆರಡೂ ಹೇಗೆ ನಿಜ ಆಗುತ್ತವೆ? ಈ ಸಾಧನದಿಂದ ಉಸಿರೆಳೆಯುವುದು ಮೂಗಿನಿಂದ ಉಸಿರಾಡಿದ ಹಾಗೆ ಇರುವುದಿಲ್ಲ. ಬಟ್ಟೆ ಮುಚ್ಚಿಕೊಂಡು ಎಳೆದ ಹಾಗೆ ಬಿಗಿ. ರಾಸಾಯನಿಕ ಕ್ರಿಯೆಯಿಂದ ಗಾಳಿ ಬಿಸಿಯಾಗುತ್ತದೆ, ಬಾಯಿ ಒಣಗುತ್ತದೆ. ಕತ್ತಲಲ್ಲಿ, ಹೊಗೆಯಲ್ಲಿ, ಎದೆ ಹೊಡೆದುಕೊಳ್ಳುತ್ತಿರುವಾಗ ಹಾಗಾದರೆ "ಇದು ಕೆಟ್ಟಿದೆ" ಅಂತಲೇ ಯಾರಿಗೂ ಅನ್ನಿಸುತ್ತದೆ. ಬಿಸಿಯಾಗುವುದು ಅದು ಕೆಲಸ ಮಾಡುತ್ತಿರುವ ಗುರುತು ಅಂತ ಮೈಗೆ ಮೊದಲೇ ಗೊತ್ತಿರಬೇಕು. ಟ್ರೇನಿಂಗ್‌ನಲ್ಲಿ ಬರೀ ಡಬ್ಬಿ ತೆರೆದು ತೋರಿಸಿ ಸಹಿ ಹಾಕಿಸಿಕೊಂಡರೆ ಅದು ಗೊತ್ತಾಗುವುದಿಲ್ಲ. ಸೇಗೋ ಆದ ಮೇಲೆ ಬಂದ ನಿಯಮಗಳಲ್ಲಿ, ಅದೇ ಬಿಗಿ ಮತ್ತು ಬಿಸಿ ಅನುಭವಕ್ಕೆ ಬರುವಂಥ ಸಾಧನದಿಂದ ವರ್ಷಕ್ಕೊಮ್ಮೆ ಉಸಿರಾಡಿ ನೋಡಬೇಕು, ಮೂರು ತಿಂಗಳಿಗೊಮ್ಮೆ ತಪ್ಪಿಸಿಕೊಳ್ಳುವ ಅಭ್ಯಾಸ ಮಾಡಬೇಕು ಅಂತ ಸೇರಿಸಿದರು.

ಮೂರು ತಿಂಗಳು ಅನ್ನುವುದು ಸುಮ್ನೆ ಹಾಕಿದ್ದಲ್ಲ. ಡಬ್ಬಿ ಹಾಕಿಕೊಳ್ಳುವ ಕ್ರಮವನ್ನು ಚೆನ್ನಾಗಿ ಕಲಿತವರೂ ಕೆಲವೇ ತಿಂಗಳಲ್ಲಿ ಮರೆಯುತ್ತಾರೆ ಅಂತ ಸಂಶೋಧಕರು ಗಣಿಗಳಲ್ಲೇ ಪರೀಕ್ಷೆ ಮಾಡಿ ನೋಡಿದ್ದರು. ಹೆಜ್ಜೆಗಳು ಜಾಸ್ತಿ, ಗಾಬರಿಯಲ್ಲಿ ಕ್ರಮ ತಪ್ಪುತ್ತದೆ. ಮೊದಲು ಕನ್ನಡಕ, ಬೆಲ್ಟು ಅಂತ ಹುಡುಕುತ್ತಾ ಕೂತವನು ಅಷ್ಟು ಹೊತ್ತೂ ವಿಷವನ್ನೇ ಎಳೆಯುತ್ತಿರುತ್ತಾನೆ. ಹಾಗಾಗಿ ಅವರು ಹೆಜ್ಜೆಗಳನ್ನು ಮೂರು ಮೂರು ಅಂತ ಎರಡು ಕಂತು ಮಾಡಿದರು. ಮೊದಲ ಮೂರು ಶ್ವಾಸಕೋಶವನ್ನು ಹೊರಗಿನ ಗಾಳಿಯಿಂದ ಬೇರೆ ಮಾಡಲು: ಆಕ್ಸಿಜನ್ ಶುರು ಮಾಡು, ಬಾಯಿಗೆ ಕಚ್ಚು, ಮೂಗಿಗೆ ಕ್ಲಿಪ್ ಹಾಕು. ಈಗ ಜೀವ ಉಳಿಯಿತು. ಆಮೇಲೆ ಕನ್ನಡಕ, ಪಟ್ಟಿ, ಟೋಪಿ. ಮಂಡಿಯೂರಿ ಕೂತು, ಟೋಪಿಯ ಲೈಟು ಎದುರಿಗೆ ಬೀಳುವ ಹಾಗೆ ನೆಲದ ಮೇಲೆ ಇಟ್ಟುಕೊಂಡು ಮಾಡಬೇಕು. ನೋಡಿ, ಇದರಲ್ಲಿ ಹೊಸ ಯಂತ್ರ ಒಂದೂ ಇಲ್ಲ. ಗಾಬರಿಯಾದ ಮನುಷ್ಯನ ಕೈ ಹೇಗೆ ಓಡುತ್ತದೆ ಅಂತ ಕೂತು ಗಮನಿಸಿದ್ದೇ ಸಂಶೋಧನೆ. ಗಣಿ ಸಂಶೋಧನೆಯಲ್ಲಿ ನನಗೆ ಎಲ್ಲಕ್ಕಿಂತ ಗೌರವ ಇರುವುದು ಇಂಥದ್ದರ ಮೇಲೆ.

ಅದೇ ಬಗೆಯ ಇನ್ನೊಂದು ಕೆಲಸ. ಗಣಿ ಬೆಂಕಿಯಿಂದ ತಪ್ಪಿಸಿಕೊಂಡು ಬಂದವರನ್ನು ಸಂಶೋಧಕರು ಒಬ್ಬೊಬ್ಬರನ್ನಾಗಿ ಕೂರಿಸಿ ಮಾತಾಡಿಸಿದ್ದಾರೆ. ಮೊದಲ ಸುದ್ದಿ ಯಾವಾಗಲೂ ಅರ್ಧಂಬರ್ಧ ಬರುತ್ತದೆ. "ಎಲ್ಲೋ ಸ್ವಲ್ಪ ಹೊಗೆ ಇದೆಯಂತೆ." ಜನ ಸಾಮಾನು ಹೊಂದಿಸಿಕೊಳ್ಳುತ್ತಾರೆ, ಇನ್ನೊಬ್ಬರನ್ನು ಕೇಳುತ್ತಾರೆ, ಹೋಗಿ ನೋಡಿಕೊಂಡು ಬರೋಣ ಅನ್ನುತ್ತಾರೆ. ಡಬ್ಬಿಯನ್ನು ಕೊನೆಗೆ, ಹೊಗೆ ದಟ್ಟವಾದ ಮೇಲೆ ತೆರೆಯುತ್ತಾರೆ. ಇದು ಹೆಡ್ಡತನ ಅಲ್ಲ, ಮನುಷ್ಯ ಇರುವುದೇ ಹಾಗೆ. ಆದ್ದರಿಂದ ಯಾರು ಏನು ಹೇಳಬೇಕು, ಎಲ್ಲಿ ಹೊಗೆ, ಯಾವ ದಾರಿ ಸರಿ ಅನ್ನುವುದನ್ನು ಸ್ಪಷ್ಟವಾಗಿ ಹೇಳುವುದೂ ಟ್ರೇನಿಂಗ್‌ನ ಭಾಗವಾಯಿತು. ಹೊಗೆಯಲ್ಲಿ ಕಣ್ಣು ಕಾಣದಿದ್ದರೆ ಹಿಡಿದು ನಡೆಯಲು ದಾರಿಯುದ್ದಕ್ಕೂ ಹಗ್ಗ ಕಟ್ಟಿರುತ್ತಾರೆ, ಅದರಲ್ಲಿ ಅಲ್ಲಲ್ಲಿ ಒಂದು ತುದಿ ಚೂಪು, ಇನ್ನೊಂದು ತುದಿ ಅಗಲ ಇರುವ ಶಂಕುವಿನ ಆಕಾರದ ಗುಬ್ಬಿಗಳು. ಕೈ ನುಣ್ಣಗೆ ಜಾರಿದರೆ ಹೊರಗೆ ಹೋಗುತ್ತಿದ್ದೀರಿ. ಕೈಗೆ ಅಂಚು ತಡೆದರೆ ಒಳಗೆ ಹೋಗುತ್ತಿದ್ದೀರಿ, ತಿರುಗಿ.

ಇಷ್ಟೆಲ್ಲ ಆದದ್ದು ಕೆಲವೇ ನಿಮಿಷಗಳಲ್ಲಿ ಕೊಲ್ಲುವ ಅಪಾಯಗಳ ಮಾತು. ಇಪ್ಪತ್ತು ವರ್ಷ ತೆಗೆದುಕೊಂಡು ಕೊಲ್ಲುವುದು ಧೂಳು.

ಕೋಲಾರದ ಚಿನ್ನದ ಗಣಿ ನೋಡಿ, ಅದೂ ನಮ್ಮ ಹಾಗೆ ಗಡಿಯ ಊರು, ಒಂದು ಕಡೆ ಆಂಧ್ರ, ಇನ್ನೊಂದು ಕಡೆ ತಮಿಳುನಾಡು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಮೇಲಿನ ಭಾರಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತದೆ. ಆ ಸಿಡಿತವನ್ನು ಅಭ್ಯಾಸ ಮಾಡುತ್ತಲೇ ಅಲ್ಲಿ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿತು. 2001ರಲ್ಲಿ ಗಣಿ ಮುಚ್ಚಿತು. ಆದರೆ ಭಾರತದಲ್ಲಿ ಸಿಲಿಕೋಸಿಸ್ ಅನ್ನುವ ಕಾಯಿಲೆ ಮೊದಲು ವರದಿಯಾದದ್ದೂ ಅಲ್ಲಿಂದಲೇ, 1947ರಲ್ಲಿ. ಕಲ್ಲು ಕೊರೆಯುವಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ಕಣ ಮೂಗಿನಲ್ಲೇ ನಿಲ್ಲುತ್ತದೆ. ಕಾಣದ ಸಣ್ಣ ಕಣ, ಮಿಲಿಮೀಟರಿನ ನೂರನೇ ಒಂದು ಪಾಲಿಗಿಂತಲೂ ಸಣ್ಣದು, ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಅದನ್ನು ತಿನ್ನಲು ಹೋದ ರಕ್ಷಕ ಕೋಶಗಳೇ ಸಾಯುತ್ತವೆ, ಅಲ್ಲಿ ಗಾಯ ಕಟ್ಟುತ್ತದೆ, ಮೆತ್ತಗಿರಬೇಕಾದ ಶ್ವಾಸಕೋಶ ಗಡುಸಾಗುತ್ತದೆ. ಕೆಲಸ ಬಿಟ್ಟ ಮೇಲೂ ಕಾಯಿಲೆ ಮುಂದುವರಿಯಬಹುದು. ಇದನ್ನು ಗುಣಪಡಿಸುವ ಔಷಧಿ ಇಲ್ಲ. ಇದಿದ್ದವರಿಗೆ ಟಿಬಿ ಬರುವ ಸಾಧ್ಯತೆ ಜಾಸ್ತಿ. ಎಷ್ಟೋ ಸಲ ಟಿಬಿ ಅಂತಲೇ ತಿಳಿದು ಮಾತ್ರೆ ಕೊಡುತ್ತಾರೆ, ಯಾವ ಕೆಲಸ ಮಾಡುತ್ತಿದ್ದಿರಿ ಅಂತ ಯಾರೂ ಕೇಳುವುದಿಲ್ಲ.

ಇದು ಹಳೆಯ ಕಥೆ ಅಂದುಕೊಳ್ಳಬೇಡಿ. ಅಮೆರಿಕದ ನೈಋತ್ಯ ವರ್ಜೀನಿಯಾದ ಮೂರು ಕ್ಲಿನಿಕ್‌ಗಳಲ್ಲಿ, 2013ರಿಂದ 2017ರೊಳಗೆ ನೋಡಿದ ಗಣಿ ಕೆಲಸಗಾರರಲ್ಲಿ, ಧೂಳಿನ ಕಾಯಿಲೆ ತೀರ ಮುಂದುವರಿದ 416 ಮಂದಿ ಸಿಕ್ಕಿದರು ಅಂತ 2018ರಲ್ಲಿ ಪ್ರಕಟವಾಯಿತು. ಕಲ್ಲಿದ್ದಲಿನ ಪದರ ತೆಳ್ಳಗಾದ ಹಾಗೆ ಯಂತ್ರಗಳು ಅದರ ಜೊತೆ ಬಂಡೆಯನ್ನೂ ಕಡಿಯುತ್ತವೆ, ಸಿಲಿಕಾ ಧೂಳು ಹೆಚ್ಚಾಗುತ್ತದೆ.

ಧೂಳಿಗೂ ಒಂದು ದೀಪ ಬೇಕು. ಮೊದಲೆಲ್ಲ ಫಿಲ್ಟರಿನಲ್ಲಿ ಧೂಳು ಹಿಡಿದು ಪ್ರಯೋಗಾಲಯಕ್ಕೆ ಕಳಿಸಿ, ಫಲಿತಾಂಶ ಬರುವಷ್ಟರಲ್ಲಿ ವಾರಗಳು ಕಳೆಯುತ್ತಿದ್ದವು. ಈಗ ಮೈಗೆ ಕಟ್ಟಿಕೊಳ್ಳುವ ಮೀಟರುಗಳು ಪಾಳಿಯ ನಡುವೆಯೇ ಲೆಕ್ಕ ತೋರಿಸುತ್ತವೆ. ಇನ್ನೊಂದು ಉಪಾಯ ನನಗೆ ಬಹಳ ಹಿಡಿಸಿತು. ಕೆಲಸಗಾರರ ಟೋಪಿಗೆ ಸಣ್ಣ ಕ್ಯಾಮೆರಾ ಕಟ್ಟಿ, ಜೊತೆಗೆ ಧೂಳಿನ ಮೀಟರ್ ಕೊಟ್ಟು, ಎರಡನ್ನೂ ಒಂದೇ ಪರದೆಯಲ್ಲಿ ಹಾಕಿ ನೋಡುವುದು. ಯಾವ ಕ್ಷಣದಲ್ಲಿ ಧೂಳು ಏರಿತು, ಆಗ ಅವರು ಏನು ಮಾಡುತ್ತಿದ್ದರು ಅಂತ ಕಣ್ಣಿಗೇ ಕಾಣುತ್ತದೆ. ಯಂತ್ರದ ಎದುರು ಧೂಳು ಇರುವುದು ಎಲ್ಲರಿಗೂ ಗೊತ್ತು. ಯಾರೂ ಎಣಿಸದ ಜಾಗದಲ್ಲಿ ಸಿಕ್ಕಿದ್ದು ಯಾವುದು ಗೊತ್ತಾ? ಧೂಳು ಹಿಡಿದ ಬಟ್ಟೆ, ಮತ್ತು ವಾಹನದ ಬಟ್ಟೆ ಹೊದಿಸಿದ ಸೀಟು. ಕೂತಾಗಲೆಲ್ಲ ಅದರಿಂದ ಧೂಳು ಏಳುತ್ತದೆ. ಸೀಟಿನ ಹೊದಿಕೆ ಬದಲಾಯಿಸುವುದು ಎಷ್ಟು ಸಣ್ಣ ಖರ್ಚು.

ನಮ್ಮ ಸುರಂಗದ ತುದಿ ಹೆಚ್ಚಾಗಿ ಒದ್ದೆ, ಅಲ್ಲಿ ಧೂಳು ಕಡಿಮೆ. ಆದರೆ ಮಂಜೇಶ್ವರದಿಂದ ಕಾಸರಗೋಡಿನವರೆಗೆ ಕೆಂಪುಕಲ್ಲಿನ ಕೋರೆಗಳಲ್ಲಿ ಈಗ ಯಂತ್ರದ ಗರಗಸ ತಿರುಗುತ್ತದೆ, ಬೇಸಿಗೆಯಲ್ಲಿ ದೂರದಿಂದಲೇ ಕೆಂಪು ಮೋಡ ಕಾಣುತ್ತದೆ, ಒಳಗಿರುವ ಹುಡುಗರು ಮುಖಕ್ಕೆ ಬೈರಾಸು ಸುತ್ತಿಕೊಂಡಿರುತ್ತಾರೆ. ಬೈರಾಸು ದೊಡ್ಡ ಕಣವನ್ನು ಹಿಡಿಯುತ್ತದೆ, ಅಪಾಯ ಮಾಡುವ ಸಣ್ಣ ಕಣಕ್ಕೆ ಅದರಲ್ಲಿ ದಾರಿ ಇದೆ. ಮುಖಕ್ಕೆ ಸರಿಯಾಗಿ ಕೂರುವ ಎನ್ 95 ಮಾಸ್ಕ್ ಅದಕ್ಕಿಂತ ಎಷ್ಟೋ ಮೇಲು. ಅದಕ್ಕಿಂತಲೂ ಮೇಲು ಗರಗಸ ತಾಗುವ ಜಾಗಕ್ಕೆ ನೀರು ಬಿಡುವುದು. ಗಣಿಗಳಲ್ಲಿ ಒದ್ದೆ ಕೊರೆತ ಕಡ್ಡಾಯ ಮಾಡಿದ್ದು ಅದಕ್ಕೇ. ಎದ್ದ ಧೂಳನ್ನು ಹಿಡಿಯುವುದು ಕಷ್ಟ, ಏಳದ ಹಾಗೆ ಮಾಡುವುದು ಸುಲಭ.

ಕುಸಿತದ ಬಗ್ಗೆಯೂ ಸ್ವಲ್ಪ ಹೇಳಬೇಕು. ಕೆಂಪುಕಲ್ಲು ಗಟ್ಟಿ. ಆದರೆ ಅದರ ಕೆಳಗೆ ಶೇಡಿ ಮಣ್ಣು ಇರುತ್ತದೆ, ಒಣಗಿದಾಗ ನಿಲ್ಲುತ್ತದೆ, ನೀರು ಕುಡಿದರೆ ಕರಗುತ್ತದೆ. ಸುರಂಗ ಆ ಪದರಕ್ಕೆ ತಾಗಿದರೆ ಅಜ್ಜ ದಿಕ್ಕು ಬದಲಾಯಿಸುತ್ತಿದ್ದರು, ಇಲ್ಲವಾದರೆ ಕೆಲಸವನ್ನೇ ಬಿಡುತ್ತಿದ್ದರು. ಹಾರೆಯ ಹಿಡಿಯಿಂದ ಮೇಲ್ಭಾಗವನ್ನು ಬಡಿದು ಕಿವಿಗೊಡುವುದೂ ಇತ್ತು. ಗಣಿಗಳಲ್ಲೂ ಛಾವಣಿ ಬಡಿದು ನೋಡುವುದು ಹಳೆಯ ವಿದ್ಯೆ. ಗಟ್ಟಿ ಬಂಡೆ ಗಂಟೆಯ ಹಾಗೆ ಠಣ್ ಅನ್ನುತ್ತದೆ, ಬಿಟ್ಟುಕೊಂಡ ಬಂಡೆ ಡೋಲಿನ ಹಾಗೆ ಬೊಳ್ ಅನ್ನುತ್ತದೆ. ಈಗ ಅಲ್ಲಿ ಉದ್ದದ ಕಬ್ಬಿಣದ ಬೋಲ್ಟ್ ಹಾಕಿ ಪದರಗಳನ್ನು ಹೊಲಿದು ನಿಲ್ಲಿಸುತ್ತಾರೆ, ಆದರೂ ಬಡಿದು ನೋಡುವುದು ನಿಂತಿಲ್ಲ.

ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಎಲ್ಲರಿಗೂ ನೆನಪಿರಬೇಕು. 2023ರ ನವೆಂಬರ್ 12ಕ್ಕೆ ಕುಸಿದು 41 ಮಂದಿ ಒಳಗೆ ಸಿಕ್ಕಿಕೊಂಡರು. 17ನೇ ದಿನ ಎಲ್ಲರೂ ಜೀವಂತ ಬಂದರು. ದೊಡ್ಡ ಯಂತ್ರ ಮುರಿದು ನಿಂತಾಗ ಕೊನೆಯ ಕೆಲವು ಮೀಟರುಗಳನ್ನು ಕೈಯಿಂದ ಅಗೆದದ್ದು ಇಲಿಬಿಲ (ರ‍್ಯಾಟ್ ಹೋಲ್) ಗಣಿ ಕೆಲಸ ಬಲ್ಲವರು, ಇಕ್ಕಟ್ಟಿನ ಕೊಳವೆಯಲ್ಲಿ ಕೂತು, ನಮ್ಮ ಸುರಂಗದವರ ಹಾಗೇ. ಅವರ ಕೈಯ ಬಗ್ಗೆ ಎಲ್ಲರೂ ಬರೆದರು. ಆ ಮೊದಲ ದಿನಗಳಲ್ಲಿ ಜೀವ ಹಿಡಿದದ್ದು ಒಂದು ನಾಲ್ಕಿಂಚಿನ ಪೈಪು. ಅದರಲ್ಲಿ ಗಾಳಿ ಹೋಯಿತು, ಕಡಲೆ, ಔಷಧಿ ಹೋಯಿತು, ಮಾತು ಹೋಯಿತು. ಅದಕ್ಕೂ ಹಿಂದೆ, 1989ರಲ್ಲಿ, ರಾಣಿಗಂಜಿನ ಮಹಾಬೀರ್ ಗಣಿಗೆ ನೀರು ನುಗ್ಗಿದಾಗ ಮೇಲಿನಿಂದ ಹೊಸ ತೂತು ಕೊರೆದು, ಒಬ್ಬ ಮನುಷ್ಯ ಮಾತ್ರ ನಿಲ್ಲುವಷ್ಟು ಸಣ್ಣ ಉಕ್ಕಿನ ಕೊಳವೆ ಇಳಿಸಿ 65 ಮಂದಿಯನ್ನು ಒಬ್ಬೊಬ್ಬರಾಗಿ ಎತ್ತಿದರು. ಅದರಲ್ಲಿ ತಾವೇ ಕೆಳಗಿಳಿದವರು ಇಂಜಿನಿಯರ್ ಜಸ್ವಂತ್ ಸಿಂಗ್ ಗಿಲ್. 1975ರಲ್ಲಿ ಚಾಸ್‌ನಾಲಾದಲ್ಲಿ ಹಳೆಯ ಗಣಿಯ ನೀರು ನುಗ್ಗಿದಾಗ 370ಕ್ಕೂ ಹೆಚ್ಚು ಮಂದಿಗೆ ಅಂಥ ಒಂದು ದಾರಿಯೂ ಸಿಕ್ಕಿರಲಿಲ್ಲ.

ನಮ್ಮ ದೇಶದಲ್ಲಿ 2025ರವರೆಗೆ 1952ರ ಗಣಿ ಕಾಯ್ದೆ ಇತ್ತು, ಈಗ ಅದರ ಜಾಗದಲ್ಲಿ ಕಾರ್ಮಿಕ ಸುರಕ್ಷತೆಯ ಸಂಹಿತೆ ಇದೆ, 1966ರಲ್ಲಿ ಗಣಿ ವೃತ್ತಿ ತರಬೇತಿ ನಿಯಮಗಳು ಬಂದವು, ನೋಡಿಕೊಳ್ಳಲು ಧನಬಾದ್‌ನಲ್ಲಿ ನಿರ್ದೇಶನಾಲಯ ಇದೆ. ಗಣಿಗೆ ಸೇರುವವನು ಮೊದಲು ತರಬೇತಿ ಮುಗಿಸಬೇಕು, ಕಾಲಕಾಲಕ್ಕೆ ಎದೆಯ ಎಕ್ಸ್‌ರೇ ಆಗಬೇಕು. ತೋಟದ ಸುರಂಗಕ್ಕೆ, ಮನೆಯ ಬಾವಿಗೆ ಇಳಿಯುವವರಿಗೆ ಇದ್ಯಾವುದೂ ಇಲ್ಲ. ಅಪ್ಪನಿಂದ ಮಗನಿಗೆ ಬಂದದ್ದು ಮಾತ್ರ. ನನಗೆ ಇದು ನಿಜವಾಗಿ ನೋವಿನ ಸಂಗತಿ, ಯಾಕೆಂದರೆ ಆಕ್ಸಿಜನ್, ಮೊನಾಕ್ಸೈಡ್ ಎರಡನ್ನೂ ತೋರಿಸುವ ಕೈಮೀಟರ್ ಈಗ ಪೇಟೆಯಲ್ಲಿ ಸಿಗುತ್ತದೆ. ಪ್ರತಿ ಮನೆಗೆ ಬೇಡ, ಪಂಚಾಯಿತಿಗೆ ಒಂದು ಇದ್ದು, ಬಾವಿಗೆ ಇಳಿಯುವವರು ಕೇಳಿ ಒಯ್ಯುವ ಹಾಗಾದರೆ ಸಾಕು.

ಯಾಕೆ ಬಾವಿ ಅಂತ ಮತ್ತೆ ಮತ್ತೆ ಹೇಳುತ್ತಿದ್ದೇನೆ ಅಂದರೆ, ಬೇಸಿಗೆಯಲ್ಲಿ ನಮ್ಮ ಪತ್ರಿಕೆಗಳಲ್ಲಿ ಬರುವ ಆ ಸುದ್ದಿಯನ್ನು ನೀವೂ ಓದಿರುತ್ತೀರಿ. ಒಬ್ಬ ಇಳಿದು ಕುಸಿದ. ಅವನನ್ನು ಎತ್ತಲು ಅಣ್ಣ ಇಳಿದ. ಅಣ್ಣನನ್ನು ಎತ್ತಲು ಪಕ್ಕದ ಮನೆಯವನು ಇಳಿದ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ 1986ರಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ, ಇಂಥ ಮುಚ್ಚಿದ ಜಾಗಗಳಲ್ಲಿ ಸತ್ತವರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ಇನ್ನೊಬ್ಬರನ್ನು ಉಳಿಸಲು ಹೋದವರು ಅಂತ ಹೇಳಿತ್ತು. ಪ್ರೀತಿಯೇ ಎಳೆದುಕೊಂಡು ಹೋಗುತ್ತದೆ, ಅದನ್ನು ತಡೆಯುವುದು ಸುಲಭ ಅಲ್ಲ. ಗಣಿ ರಕ್ಷಣಾ ತಂಡಗಳು ಹಿಂದೆ ಇನ್ನೊಂದು ತಂಡ ಸಿದ್ಧವಾಗದೆ ಒಳಗೆ ಕಾಲಿಡುವುದಿಲ್ಲ. ನಮಗೆ ಆಗುವಷ್ಟು ಹೇಳುತ್ತೇನೆ. ಇಳಿಯುವವನ ಎದೆಗೆ ಹಗ್ಗ ಕಟ್ಟಿ, ಅದರ ತುದಿ ಮೇಲಿರುವ ಇಬ್ಬರ ಕೈಯಲ್ಲಿರಲಿ, ಆಗ ಯಾರೂ ಇಳಿಯದೆ ಎಳೆಯಬಹುದು. ಇಂಜಿನ್ ಪಂಪು ಬಾವಿಯಿಂದ ದೂರ, ಹೊರಗೆ. ಇಳಿಯುವ ಮೊದಲು ಬ್ಲೋವರ್‌ನಿಂದ ಹೊರಗಿನ ಒಳ್ಳೆ ಗಾಳಿಯನ್ನು ತಳದವರೆಗೆ ಪೈಪಿನಲ್ಲಿ ಕಳಿಸಿ, ಕೆಲಸ ಮುಗಿಯುವವರೆಗೂ ನಿಲ್ಲಿಸಬೇಡಿ. ಹಗ್ಗ ಇಲ್ಲದೆ ಯಾರಾದರೂ ಕುಸಿದರೆ 101ಕ್ಕೆ ಫೋನ್ ಮಾಡಿ, ಗಾಳಿ ಬಿಡುತ್ತಾ ಇರಿ, ಇಳಿಯಬೇಡಿ.

ಆ ಅಜ್ಜ ಪ್ರತಿ ಬೆಳಿಗ್ಗೆ ಸುರಂಗದ ಬಾಯಲ್ಲಿ ನಿಂತು, ದೀಪ ಹಚ್ಚಿ, ಪಿಕ್ಕಾಸು ಎತ್ತುವ ಮೊದಲು ಮಗನನ್ನು ಕರೆಯುತ್ತಿದ್ದರು. ಆ ಮಗನಿಗೆ ಆಗ ಇಪ್ಪತ್ತು ದಾಟಿತ್ತು, ಹತ್ತಾರು ಸುರಂಗಗಳಲ್ಲಿ ಜೊತೆಗಿದ್ದವನು. ಆದರೂ ದಿನಾ ಕೇಳುತ್ತಿದ್ದರು.

"ನಾನು ಒಳಗೆ ಬಿದ್ದರೆ ಏನು ಮಾಡ್ತಿ?"

"ಒಳಗೆ ಬರುವುದಿಲ್ಲ ಅಪ್ಪ. ಕೂಗ್ತೇನೆ."

"ಇನ್ನೊಮ್ಮೆ ಹೇಳು."

"ಒಳಗೆ ಬರುವುದಿಲ್ಲ. ಕೂಗ್ತೇನೆ."

ಆಮೇಲೆ ಅಜ್ಜ ತಲೆ ಬಗ್ಗಿಸಿ ಒಳಗೆ ಹೋಗುತ್ತಿದ್ದರು.